ಮಂಜು ಫೋಟೋ ಬಗ್ಗೆ ಭಾವನೋರಿಗೂ, ಲೆನ್ಸ್ ಬಗ್ಗೆ ಪುಟ್ಟಂಗೂ

ಪುಟ್ಟಾ, ನಿನ್ನೆ ರಾತ್ರಿ ನೀನು ಕೇಳಿದ್ದು ಈಗ ನೋಡ್ದೆ. ದೋಸೆ ಫೋಟೋ ಯಾವ ಲೆನ್ಸಲ್ಲಿ ತೆಗ್ದಿದ್ದು ಚಿಗವ್ವ, ನಾನೂ ಅಂಥ, ಕೈಲೇ ರಿಂಗ್ ತಿರುಗಿಸಿ ಫೋಕಸ್ ಮಾಡೋ ಹಳೇ ಮ್ಯಾನುಯಲ್ ಲೆನ್ಸ್ ತಗೊಳ್ಳಾ ಇಲ್ಲ ಆಟೋಫೋಕಸ್ಸಿಂದೇ ತಗೊಳ್ಳಾ ಅಂತ. ಅದ್ರ ಕೆಳಗೇ ಭಾವನೋರು "ಅರ್ಧ ಫೋಟೋ ಮಂಜಾಗೇತಿ, ಮೊದ್ಲು ಕನ್ನಡಕ ಚೇಂಜ್ ಮಾಡ್ಸವ್ವಾ" ಅಂತ ಹಾಕ್ಯಾರೆ, ಜೊತೆಗೆ ನಾಲ್ಕು ನಗೋ ಮುಖ ಬೇರೆ. ಇಬ್ರಿಗೂ ಸೇರ್ಸಿ ಹೇಳ್ತೀನಿ, ಮೈಕ್ ಒತ್ಕಂಡು ಮಾತಾಡ್ತಾ ಇದೀನಿ ಅದೇ ಟೈಪ್ ಮಾಡ್ಕಂಡು ಹೋಗ್ತತಿ, ನಡುವೆ ಕುಕ್ಕರ್ ಸೀಟಿ ಬಂದ್ರೆ ಅದನ್ನೂ ಬರದ್ಬಿಟ್ರೆ ನಗಬ್ಯಾಡ್ರಿ.

ಲೆನ್ಸು ನಿಮ್ಮಜ್ಜಂದೇ ಕಣೋ. ಅವ್ವನ ಬೀರು ಕ್ಲೀನ್ ಮಾಡುವಾಗ ಸೀರೆ ಅಡಿಗೆ ಸಿಕ್ತು. ಅಪ್ಪಾಜಿ ಕಾಟನ್ ಮಿಲ್ಲಲ್ಲಿದ್ದಾಗ ತಗೊಂಡಿದ್ದ ರೀಲ್ ಕ್ಯಾಮೆರಾದ್ದು, ನಿಕಾನ್ ಸೀರೀಸ್ ಇ, 50 ಎಂಎಂ ಎಫ್ 1.8. ಎಫ್ ಅಂದ್ರೆ ಲೆನ್ಸ್ ಒಳಗಿನ ತೂತು ಎಷ್ಟು ತೆರೆದೈತಿ ಅನ್ನೋ ಲೆಕ್ಕ, ನಂಬರ್ ಸಣ್ಣದಾದಷ್ಟೂ ತೂತು ದೊಡ್ಡದು, ಸ್ಪಷ್ಟ ಬರೋ ಜಾಗ ಕಡ್ಮೆ. 1979ರಲ್ಲಿ ನಿಕಾನೋರು ಕಡ್ಮೆ ರೇಟಿಗೆ ಅಂತ ಶುರು ಮಾಡಿದ ಸಾಲು ಅದು, ಈಗ ಮುಟ್ಟಿದ್ರೆ ಕಡ್ಮೆದು ಅನ್ಸಲ್ಲ, ರಿಂಗ್ ತಿರುಗಿಸಿದ್ರೆ ಬೆಣ್ಣೆಗೆ ಚಾಕು ಹಾಕ್ದಂಗೆ ಹೋಗ್ತತಿ. ಕ್ಯಾಮೆರಾ ಬಾಡಿ ಕೆಟ್ಟೋಗಿತ್ತು, ಅದಕ್ಕೆ ಲೆನ್ಸ್ ಒಂದನ್ನೇ ನನ್ ಸೋನಿ ಎ6000ಕ್ಕೆ ಹಾಕ್ಕಂಡೆ. ಮಧ್ಯದಾಗೆ ಒಂದು ಅಡಾಪ್ಟರ್ ಬೇಕು, ಅದ್ರೊಳಗೆ ಗಾಜು ಗೀಜು ಏನಿಲ್ಲ, ಬರೀ ಕೊಳವೆ. ನಿಕಾನ್ ಲೆನ್ಸಿಗೆ ಹಿಂದೆ ಸೆನ್ಸಾರ್ ತನಕ, ಅಂದ್ರೆ ಫೋಟೋ ಹಿಡಿಯೋ ಚಿಪ್ ತನಕ, 46.5 ಎಂಎಂ ಜಾಗ ಬೇಕು, ಸೋನೀಲಿ ಇರೋದು 18, ಉಳಿದ 28.5 ಎಂಎಂ ತುಂಬಿಸೋದೇ ಅದ್ರ ಕೆಲ್ಸ. ನಿಂದೂ ಸೋನೀನೇ ಆಗಿರೋದ್ರಿಂದ ಇದೇ ನಡೀತತಿ. ಒಂದು ಮಾತು, ಹಾಕಿದ್ ತಕ್ಷಣ ಕ್ಯಾಮೆರಾ "ಲೆನ್ಸೇ ಇಲ್ಲ" ಅಂತ ಹಠ ಹಿಡೀತತಿ, ಬಟನ್ ಒತ್ತಿದ್ರೆ ಕ್ಲಿಕ್ ಆಗಲ್ಲ, ನಾನು ಲೆನ್ಸ್ ಹಾಳಾಗೇತಿ ಅಂತ ಎರಡು ದಿನ ಸುಮ್ನೆ ಬಿಟ್ಟಿದ್ದೆ. ಮೆನುವಲ್ಲಿ ರಿಲೀಸ್ ವಿದೌಟ್ ಲೆನ್ಸ್ ಅಂತ ಐತಿ, ಅದನ್ನ ಆನ್ ಮಾಡ್ಬೇಕು ಅಷ್ಟೇ.

ಈಗ ಭಾವನೋರ ಮಂಜು. ಭಾವನೋರೆ, ನೀವು ಕನ್ನಡಕ ಅಂದಿದ್ದು ಒಂದು ವಾರದ ಮಟ್ಟಿಗೆ ನಿಜಾನೇ. ಕ್ಯಾಮೆರಾದಾಗೆ ಕಣ್ಣಿಟ್ಟು ನೋಡೋ ಕಿಂಡಿ ಪಕ್ಕ ಒಂದು ಸಣ್ಣ ಚಕ್ರ ಐತಿ, ನಮ್ ಕಣ್ಣಿನ ಪವರಿಗೆ ಹೊಂದಿಸ್ಕಳಕ್ಕೆ, ಅದು ಎಲ್ಲೋ ತಿರುಗಿತ್ತು, ನಾನು ಲೆನ್ಸ್ ರಿಂಗ್ ಎಷ್ಟು ತಿರುಗಿಸಿದ್ರೂ ಕಿಂಡೀಲಿ ಎಲ್ಲಾ ಮಸಕು. ಆಮೇಲೆ ಗೊತ್ತಾಯ್ತು, ಮೊದ್ಲು ಒಳಗೆ ಕಾಣೋ ನಂಬರ್ ಅಕ್ಷರ ಸ್ಪಷ್ಟ ಆಗೋ ಹಂಗೆ ಆ ಚಕ್ರ ತಿರುಗಿಸ್ಬೇಕು, ಆಮೇಲೆ ಲೆನ್ಸ್ ಕಡೆ ಬರ್ಬೇಕು ಅಂತ. ಆದ್ರೆ ಅವ್ವ ಬಿಸ್ಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸ್ತಿರೋ ಫೋಟೋ ಐತಲ್ಲ, ಒಂದು ಕಣ್ಣು ಚೂಪಾಗಿ ಕಿವಿ ಓಲೆ ಮಂಜಾಗಿರೋದು, ಅದು ಕನ್ನಡಕದ್ದಲ್ಲ. ಎಫ್ 1.8ಕ್ಕೆ ಇಟ್ಟು ಒಂದು ಮೀಟರ್ ದೂರದಿಂದ ತೆಗದ್ರೆ ಸ್ಪಷ್ಟ ಬರೋದು ಹೆಚ್ಚೂ ಕಡ್ಮೆ 3 ಸೆಂಟಿಮೀಟರ್, ಅಂದ್ರೆ ಎರಡು ಬೆರಳು. ಅವ್ವ ಉಸ್ರು ತಗೊಂಡು ಸ್ವಲ್ಪ ಮುಂದೆ ಬಾಗಿದ್ರೂ ಹೋಯ್ತು. ನಾನೂ ಮೊದಮೊದ್ಲು ಹಿಂದೆ ಎಲ್ಲಾ ಕರಗಿ ಬರ್ತತಿ ಅಂತ ಖುಷಿಗೆ ಬರೀ 1.8ರಲ್ಲೇ ತೆಗೀತಿದ್ದೆ, ಅದು ಹೊಸ ಸೊಸೆ ದಿನಾ ಪಾಯ್ಸ ಮಾಡ್ದಂಗೆ. ಈಗ ಮನೇಲಿ 2.8, ಹೊರಗೆ 5.6 ಇಲ್ಲಾ 8.

ಇರ್ರಿ, ಗ್ಯಾಸ್ ಆಫ್ ಮಾಡಿ ಬಂದೆ.

ದೋಸೆ ಫೋಟೋ ಹೆಂಗ್ ಬಂತು ಅಂದ್ರೆ ಕೇಳು. ನೀವೆಲ್ಲಾ ಫೋಕಸ್ ಓಡಿಸ್ಕಂಡು ಹೋಗ್ಬೇಕು ಅನ್ಕಂತೀರಿ, ಓಡೋದ್ರಲ್ಲಿ ನಾವು ಯಾವತ್ತೂ ಸೋಲ್ತೀವಿ. ಬೆಣ್ಣೆ ದೋಸೆ ಹಾಕೋರ ಕೈ ಎಷ್ಟು ಫಾಸ್ಟ್ ಅಂತ ನಿಂಗೇ ಗೊತ್ತಲ್ಲ, ಹಿಟ್ಟು ಹುಯ್ದು ಸವರಿ ಬೆಣ್ಣೆ ಒಗದು ಆಗ್ಲೇ ಮುಂದಿನ ದೋಸೆಗೆ ಹೋಗಿರ್ತಾರೆ. ಆದ್ರೆ ಹಂಚು ಎಲ್ಲೂ ಹೋಗಲ್ವಲ್ಲಪ್ಪಾ! ಅದಕ್ಕೆ ನಾನು ಹಂಚಿನ ಅಂಚಿಗೆ ಫೋಕಸ್ ಮಾಡಿ, ಎಫ್ 4ಕ್ಕೆ ಇಟ್ಟು, ಒಂದೂವರೆ ಮೀಟರ್ ದೂರದಾಗೆ ನಿಂತ್ಕಂಡು ರಿಂಗ್ ಮುಟ್ಟಲೇ ಇಲ್ಲ. ಒಂದು ಗೇಣಿಗಿಂತ ಕಡ್ಮೆ ಜಾಗ ಸ್ಪಷ್ಟ ಐತಿ, ಅಲ್ಲಿಗೆ ಬೆಣ್ಣೆ ಹಿಡ್ದ ಕೈ ಬಂದಾಗ ಕ್ಲಿಕ್. ಹನ್ನೊಂದು ದೋಸೆ ಮುಗೀತು, ಒಂದು ಫೋಟೋ ಸಿಕ್ತು, ಹಾಕಿದ್ನಲ್ಲ ಅದೇ. ಎರಡು ದೋಸೆ ನಾನೇ ತಿಂದೆ ಅದು ಬೇರೆ ಲೆಕ್ಕ.

ಇದೇ ಥರ ಬೀದೀಲೂ ಮಾಡ್ಬೋದು. ಎಫ್ 8ಕ್ಕೆ ಇಟ್ಟು 3 ಮೀಟರಿಗೆ ಫೋಕಸ್ ಇಟ್ರೆ ಎರಡೂವರೆ ಮೀಟರಿಂದ ಮೂರು ಮುಕ್ಕಾಲರ ತನಕ ಎಲ್ಲಾ ಚೆನ್ನಾಗಿ ಬರ್ತತಿ, ಸಂತೇಲಿ ಅಷ್ಟು ದೂರ ಕಣ್ಣಳತೆ ಬಂದ್ರೆ ಸಾಕು. ಕಣ್ಣಳತೆ ಹೆಂಗ್ ಬಂತು ಅಂದ್ರೆ, ಬ್ಲೌಸ್ ಅಳತೆ ಟೇಪ್ ತಗೊಂಡು ಹಾಲಲ್ಲಿ ಅವ್ವನ ಕೂರಿಸಿ ಅಳದೆ, ಅವ್ವ ಒಂದು ತುದಿ ಹಿಡ್ಕಂಡು "ಏನೇ ಇದು, ನಂಗೆ ಗೋಡೆ ಕಟ್ಟಿಸ್ತೀಯಾ" ಅಂತು. ಅಳೆಯೋದು ಲೆನ್ಸ್ ಮುಂದಿಂದಲ್ಲ ಮತ್ತೆ, ಕ್ಯಾಮೆರಾ ಮ್ಯಾಲೆ ಒಂದು ಸೊನ್ನೆಗೆ ಅಡ್ಡಗೆರೆ ಎಳ್ದ ಗುರ್ತು ಐತಿ, ಸೆನ್ಸಾರ್ ಇರೋದು ಅಲ್ಲಿ, ಅಲ್ಲಿಂದ. ಅಳದಾಗ್ಲೇ ಗೊತ್ತಾಗಿದ್ದು ನನ್ ಅಡಾಪ್ಟರ್ ಕೂದಲೆಳೆಯಷ್ಟು ಗಿಡ್ಡ ಐತಿ ಅಂತ, ಲೆನ್ಸ್ ಮ್ಯಾಲೆ 3 ಮೀಟರ್ ಅಂತ ಇದ್ರೆ ನಿಜವಾಗ್ಲೂ ಫೋಕಸ್ ಬೀಳೋದು ಇನ್ನೂ ದೂರ. ಆನ್‌ಲೈನಲ್ಲಿ ಕಡ್ಮೆ ರೇಟಿಂದು ತಗೊಂಡೆ, ವಾಪಸ್ ಕಳ್ಸೋ ಟೈಮ್ ಮುಗ್ದಿತ್ತು, ನೇಲ್ ಪಾಲಿಶಿಂದ ಲೆನ್ಸ್ ಮ್ಯಾಲೆ ನಂದೇ ಮೂರು ಚುಕ್ಕಿ ಇಟ್ಕಂಡೀನಿ. ನಿಮ್ಮಜ್ಜ ಇದ್ದಿದ್ರೆ ಬೈತಿದ್ರು.

ಪೀಕಿಂಗ್ ಬಗ್ಗೆ ಯಾರೋ ನಿಂಗೆ ಹೇಳಿರ್ತಾರೆ, ಫೋಕಸ್ ಆದ ಜಾಗಕ್ಕೆ ಕೆಂಪು ಗೆರೆ ಬರ್ತತಿ ಅಂತ. ಬರ್ತತಿ, ಸುಳ್ಳೂ ಹೇಳ್ತತಿ. ಮಂಡಕ್ಕಿ ಭಟ್ಟಿಗೆ ಹೋಗಿದ್ದೆ, ಅಲ್ಲಿ ಬಿಳೀ ರಾಶಿ ಕಡೆ ತಿರುಗಿಸಿದ್ರೆ ಪೂರ್ತಿ ರಾಶಿ ಮ್ಯಾಲೆ ಕುಂಕುಮ ಚೆಲ್ಲಿದಂಗೆ ಆತು, ಯಾವುದು ಸ್ಪಷ್ಟ ಯಾವುದು ಅಲ್ಲ ಒಂದೂ ಗೊತ್ತಾಗ್ಲಿಲ್ಲ. ಅದು ಬರೀ ಅಂಚು ಹುಡುಕೋದು, ಫೋಕಸ್ ಅಲ್ಲ. ಅಂಥ ಕಡೆ ದೊಡ್ಡದು ಮಾಡಿ ನೋಡೋ ಬಟನ್ನೇ ಗತಿ. ಭಟ್ಟೀಲಿ ಬೆಳಕೂ ಕಡ್ಮೆ, ಹೊಗೆ ಬೇರೆ, ಐಎಸ್ಒ, ಅಂದ್ರೆ ಕಡ್ಮೆ ಬೆಳಕಿಗೆ ಏರ್ಸೋ ನಂಬರ್, 3200 ಇಟ್ರೂ ಶಟರ್ ಸ್ಪೀಡ್ ಸೆಕೆಂಡಿನ 1/60ಕ್ಕೆ ಇಳೀತು, ಈ ಬಾಡೀಲಿ ಕೈ ಅಲುಗಾಟ ತಡೆಯೋ ಸ್ಟೆಬಿಲೈಜೇಶನ್ ಇಲ್ಲ, ಲೆನ್ಸಲ್ಲಂತೂ ಇಲ್ವೇ ಇಲ್ಲ, ಕೈ ಅಲುಗಾಡಿದ್ದೆಲ್ಲಾ ಫೋಟೋದಾಗೆ ಬಂತು. ನಲವತ್ತರಲ್ಲಿ ಮೂರು ನೆಟ್ಟಗಿದ್ವು. 1/125ಕ್ಕಿಂತ ಕೆಳಗೆ ಇಳೀಬ್ಯಾಡ.

ನಿಮ್ಮೂರ ಚಿತ್ರದುರ್ಗದ ಕೋಟೆಗೆ ಇದು ಆಗ್ತತಾ ಅಂತಾನೂ ನೀನು ಕೇಳಿದ್ಯಲ್ಲಾ. ಬಾಗಿಲ ಗೋಡೆ ಮ್ಯಾಲಿನ ಹಾವಿನ ಕೆತ್ತನೆಗೆ ಭಾಳ ಚೆಂದ, ಕಲ್ಲು ಅಲುಗಾಡಲ್ಲ, ನಿಧಾನಕ್ಕೆ ದೊಡ್ಡದು ಮಾಡಿ ನೋಡ್ಕಂಡು ತೆಗೀಬೋದು. ಓಬವ್ವನ ಕಿಂಡಿ ಹತ್ರ ಮಾತ್ರ ಒದ್ದಾಡ್ತೀಯಾ. ನಮ್ ಕ್ಯಾಮೆರಾ ಸೆನ್ಸಾರ್ ಸಣ್ಣದು, ಒಂದೂವರೆಯಿಂದ ಗುಣಿಸ್ಬೇಕು, 50 ಅನ್ನೋದು ರೀಲ್ ಕಾಲದ ಲೆಕ್ಕದಾಗೆ 75 ಆಗ್ತತಿ, ಈ ನಂಬರ್ ದೊಡ್ಡದಾದಷ್ಟೂ ಫೋಟೋದಾಗೆ ಬರೋ ಅಗಲ ಕಡ್ಮೆ, ಹಿಂದೆ ಸರಿಯಕ್ಕೆ ಜಾಗ ಇಲ್ಲದ ಕಡೆ ಬರೀ ಒಂದು ಬಂಡೆ ತುಂಡು ಬರ್ತತಿ. ನಮ್ ಅಡ್ಗೆ ಮನೇಲೂ ಅದೇ ಕಥೆ, ಬೆನ್ನು ಫ್ರಿಜ್ಜಿಗೆ ತಾಗಿದ್ರೂ ಅವ್ವನ ಮುಖ ಮಾತ್ರ. ಅಂಥ ಕಡೆ ಕ್ಯಾಮೆರಾ ಜೊತೆ ಬಂದ 16-50 ಲೆನ್ಸ್ ಹಾಕ್ಕೋ, ನಾಚ್ಕೆ ಏನಿಲ್ಲ.

ಹಂಗಾರೆ ನೀನೇನ್ ತಗೊಳ್ಬೇಕು? ಪಾಪು ಈಗ ನಡೆಯಕ್ಕೆ ಶುರು ಮಾಡೈತಿ. ಅದು ನಿನ್ ಹತ್ರ ಓಡಿ ಬರುವಾಗ ಈ ರಿಂಗ್ ತಿರುಗಿಸ್ಕಂಡು ಕೂತ್ರೆ ಸೊಸೆ ಕೈಲಿ ಬೈಸ್ಕಂತೀಯ. ದುಡ್ಡು ಕೊಟ್ಟು ತಗೊಳ್ಳೋದಾದ್ರೆ ಆಟೋಫೋಕಸ್ಸೇ ತಗೋ, ಪಾಪು ಕಣ್ಣು ಅದೇ ಹುಡುಕ್ಕಂತತಿ. ಪಾಪು ಮಲಗಿದಾಗ, ಉಣ್ಣುವಾಗ, ಅವ್ವ ತೊಡೆ ಮ್ಯಾಲೆ ಕೂರಿಸ್ಕಂಡಾಗ ಮಾತ್ರ ಈ ಲೆನ್ಸಿನ ಆಟ. ನನ್ ಕೇಳಿದ್ರೆ ಹಳೇ ಲೆನ್ಸ್ ಹೊರಗೆ ಹುಡುಕಲೇ ಬ್ಯಾಡ, ಹುಡುಕಿದ್ರೂ ಮೊಬೈಲ್ ಟಾರ್ಚ್ ಹಿಂದಿಂದ ಬಿಟ್ಟು ಒಳಗೆ ನೋಡು, ಜೇಡನ ಬಲೆ ಥರ ಕಂಡ್ರೆ ಅದು ಫಂಗಸ್ಸು, ಕೈ ಮುಗ್ದು ವಾಪಸ್ ಬಾ. ನಮ್ದಕ್ಕೆ ಹಿಡ್ದಿಲ್ಲ ಅನ್ನೋದೇ ಪುಣ್ಯ, ಚರ್ಮದ ಕೇಸಲ್ಲಿ ಇತ್ತು, ಚರ್ಮ ತೇವ ಹಿಡ್ಕಂತತಿ.

ಮುಂದಿನ ಭಾನ್ವಾರ ನೀವೆಲ್ಲಾ ದಾವಣಗೆರೆಗೆ ಬರ್ತೀರಲ್ಲ, ಆಗ ಇದನ್ನೇ ತಗೊಂಡು ಹೋಗು, ಅಡಾಪ್ಟರ್ ಸಮೇತ, ಒಂದು ತಿಂಗ್ಳು ಇಟ್ಕೋ. ಸ್ಟೀಲ್ ಡಬ್ಬೀಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟೀನಿ, ಅದನ್ನ ಬಿಸಾಕಬ್ಯಾಡ. ನೇಲ್ ಪಾಲಿಶ್ ಚುಕ್ಕೀಲಿ ಮೊದಲ್ನೇದು ಒಂದು ಮೀಟರ್, ನಡುವಿಂದು ಒಂದೂವರೆ, ಕೊನೇದು 3. ಭಾವನೋರೆ, ನೀವೂ ಬರ್ರಿ, ಒಂದು ಮೀಟರಲ್ಲಿ ಕೂರಿಸಿ ಎಫ್ 1.8ಕ್ಕೆ ನಿಮ್ದೊಂದು ತೆಗೀತೀನಿ, ಮೀಸೆ ಸ್ಪಷ್ಟ ಬರ್ಬೇಕಾ ಕಣ್ಣು ಬರ್ಬೇಕಾ ಅಂತ ಮೊದ್ಲೇ ಹೇಳ್ಬಿಡ್ರಿ, ಎರಡೂ ಒಟ್ಟಿಗೆ ಬರೋದು ಡೌಟು.