'ಎದೆಹಾಲು ಮಾತ್ರ': ಈ 'ಮಾತ್ರ'ದೊಳಗೆ ನೀರು ಸೇರುತ್ತದೆಯೇ?

ಗೆಳೆಯರೇ,

ಎಳೆಮಕ್ಕಳ ಆಹಾರದ ಬಗ್ಗೆ ನಡೆಯುವ ಒಂದು ಅಧ್ಯಯನದ ಪ್ರಶ್ನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಎಕ್ಸ್‌ಕ್ಲೂಸಿವ್ ಬ್ರೆಸ್ಟ್‌ಫೀಡಿಂಗ್' ಅನ್ನೋದಕ್ಕೆ ಎಲ್ಲ ಕಡೆಯೂ ಒಂದೇ ಪದ ಬಳಸಬೇಕು. ಆದರೆ ಕನ್ನಡದಲ್ಲಿ ಸಿಗುವುದು ಹಲವು: 'ಎದೆಹಾಲು ಮಾತ್ರ', 'ಕೇವಲ ಎದೆಹಾಲು', 'ಸಂಪೂರ್ಣ ಸ್ತನ್ಯಪಾನ', ಅಲ್ಲಲ್ಲಿ 'ವಿಶೇಷ ಸ್ತನ್ಯಪಾನ' ಕೂಡ. ಕೊನೆಯದನ್ನು ಬಿಡೋಣ, ಅದರಿಂದ ಅರ್ಥವೇ ಹೊಳೆಯುವುದಿಲ್ಲ.

'ಸಂಪೂರ್ಣ' ಕೇಳೋಕೆ ಚೆನ್ನಾಗಿದೆ. ಆದರೂ ನನಗೆ ಅದು ಬೇಡ ಅನಿಸುತ್ತದೆ. 1990ರಲ್ಲಿ ಮಿರಿಯಂ ಲ್ಯಾಬಕ್ ಮತ್ತು ಕ್ಯಾಥರೀನ್ ಕ್ರಾಸೊವೆಕ್ ಎದೆಹಾಲಿನ ಸಂಶೋಧನೆಯ ಪದಗಳನ್ನು ಒಂದು ಅಳತೆಗೆ ತರಲು ಹೊರಟಾಗ 'ಫುಲ್', ಅಂದರೆ ಸಂಪೂರ್ಣ, ಅನ್ನೋದನ್ನು ದೊಡ್ಡ ಗುಂಪಾಗಿ ಇಟ್ಟರು. ಎದೆಹಾಲು ಬಿಟ್ಟು ಬೇರೇನೂ ಕೊಡದವರು, ಅಪರೂಪಕ್ಕೆ ನೀರೋ ಹಣ್ಣಿನ ರಸವೋ ಕೊಡುವವರು, ಇಬ್ಬರೂ ಅದರೊಳಗೇ ಬರುತ್ತಾರೆ. ನಾವು 'ಎಕ್ಸ್‌ಕ್ಲೂಸಿವ್'ಗೆ 'ಸಂಪೂರ್ಣ' ಅಂದುಬಿಟ್ಟರೆ 'ಫುಲ್'ಗೆ ಏನನ್ನೋದು?

ವಿಶ್ವ ಆರೋಗ್ಯ ಸಂಸ್ಥೆ 1991ರಲ್ಲಿ 'ಎಕ್ಸ್‌ಕ್ಲೂಸಿವ್'ಗೆ ಕೊಟ್ಟ ವಿವರಣೆ ಇನ್ನೂ ಬಿಗಿ. ತಾಯಿಯ ಅಥವಾ ಹಾಲೂಡಿಸುವ ಇನ್ನೊಬ್ಬ ಹೆಂಗಸಿನ ಹಾಲು, ಹಿಂಡಿ ತೆಗೆದ ಎದೆಹಾಲು, ಇವಷ್ಟೇ. ಔಷಧಿ, ವಿಟಮಿನ್ ಹನಿಗಳು ಪರವಾಗಿಲ್ಲ. ನೀರು ಕೊಟ್ಟರೆ ಮಗು ಬೇರೆ ಗುಂಪಿಗೆ ಹೋಗುತ್ತದೆ. ಅದು 'ಪ್ರಿಡಾಮಿನೆಂಟ್' ಗುಂಪು, ಅಂದರೆ ಬಹುಪಾಲು ಎದೆಹಾಲು.

ನನ್ನ ತೊಡಕು ಇಲ್ಲೇ ಇರೋದು. "ಬರೀ ಎದೆಹಾಲೇ ಕೊಡ್ತಿದೀನಿ" ಅನ್ನೋ ತಾಯಿ ಕಾಯಿಸಿ ಆರಿಸಿದ ನೀರನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ನೀರು ಆಹಾರವಲ್ಲ ಅಲ್ವಾ! ಅವರು ಸುಳ್ಳು ಹೇಳುತ್ತಿಲ್ಲ, ನಮ್ಮ 'ಬರೀ'ಗೆ ಅಷ್ಟು ಜಾಗ ಇದೆ. ಬಜೆ ತೇಯ್ದು ನೆಕ್ಕಿಸುವುದಂತೂ ಇನ್ನೂ ಕಷ್ಟ. ಮನೆಯಲ್ಲಿ ಅದಕ್ಕೆ 'ಮದ್ದು' ಅಂತಾರೆ. ಹಾಗೆ ಬರೆದುಕೊಂಡರೆ ಮಗು 'ಎದೆಹಾಲು ಮಾತ್ರ' ಗುಂಪಲ್ಲೇ ಉಳಿಯುತ್ತದೆ. ಅದನ್ನೇ ಶಾಸ್ತ್ರಕ್ಕೆ ಕೊಡುವ ದ್ರವ ಅಂತ ಎಣಿಸಿದರೆ 'ಬಹುಪಾಲು' ಗುಂಪಿಗೆ ಜಾರುತ್ತದೆ. ಹುಟ್ಟಿದ ಕೂಡಲೇ ನಾಲಿಗೆಗೆ ಹಚ್ಚುವ ಜೇನುತುಪ್ಪ, ಸಕ್ಕರೆ ನೀರನ್ನೂ ಹೆಸರು ಹಿಡಿದು ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಹಾಗಾಗಿ ಒಂದೊಂದನ್ನೂ ಬಿಡಿಯಾಗಿ ಕೇಳುವುದೇ ಸರಿ ಅಂತ ನನ್ನ ಅಭಿಪ್ರಾಯ. "ನಿನ್ನೆ ಹಗಲು, ರಾತ್ರಿ ಮಗುವಿಗೆ ನೀರು ಕೊಟ್ಟಿದ್ರಾ? ಬಜೆ? ಗ್ರೈಪ್ ವಾಟರ್?" ವರದಿ ಬರೆಯುವಾಗ ಗುಂಪಿನ ಹೆಸರು ಬಂದರೆ ಸಾಕು.

ಕ್ರಿಯಾಪದದ ಕಾಲವೂ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 'ಎದೆಹಾಲು ಮಾತ್ರ' ಗುಂಪಿಗೆ ಇಡೀ ದೇಶದಲ್ಲಿ ಸಿಕ್ಕ ಅಂಕಿ ಶೇ 63.7. ಇದನ್ನು 'ಆರು ತಿಂಗಳವರೆಗೆ ಎದೆಹಾಲು ಮಾತ್ರ ಕುಡಿದ ಮಕ್ಕಳು' ಎಂದು ಬರೆದರೆ ತಪ್ಪು. ಆರು ತಿಂಗಳು ತುಂಬದ ಮಕ್ಕಳಲ್ಲಿ ಹಿಂದಿನ ಒಂದು ದಿನ ಎದೆಹಾಲು ಮಾತ್ರ ಕುಡಿದವರು ಎಷ್ಟು ಅನ್ನೋದನ್ನಷ್ಟೇ ಅದು ಹೇಳುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. 2000ದಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಅವೇ ಮಕ್ಕಳನ್ನು ಎರಡು ರೀತಿ ಎಣಿಸಿದರು. ಒಂದು ದಿನದ ಲೆಕ್ಕಕ್ಕೂ ಹುಟ್ಟಿದಾಗಿನಿಂದ ಹಿಡಿದ ಲೆಕ್ಕಕ್ಕೂ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಅಂತರ ಬಂತು, ಎರಡನೇ ತಿಂಗಳಲ್ಲೂ ನಾಲ್ಕನೇ ತಿಂಗಳಲ್ಲೂ.

ಇನ್ನು 'ವೀನಿಂಗ್' ಒಂದಿದೆ. ಇಂಗ್ಲಿಷಿನಲ್ಲಿ ಅದು ಅನ್ನ ಶುರು ಮಾಡುವುದಕ್ಕೂ ಹಾಲು ಬಿಡಿಸುವುದಕ್ಕೂ ಬಳಕೆಯಾಗುತ್ತದೆ. ನಮಗೆ ಎರಡಕ್ಕೂ ಬೇರೆ ಬೇರೆ ಮಾತಿದೆ. ದಯವಿಟ್ಟು 'ಹಾಲು ಬಿಡಿಸುವ ಆಹಾರ' ಅಂತ ಬರೆಯಬೇಡಿ, 'ಪೂರಕ ಆಹಾರ' ಸಾಕು.

ನಿಮ್ಮಿಂದ ತಿಳಿಯಬೇಕಾದದ್ದು ಮೂರು. ನಿಮ್ಮ ಕಡೆ 'ಬರೀ ಎದೆಹಾಲು' ಅಂದರೆ ನೀರು ಸೇರುತ್ತದೆಯೇ? ಬಜೆ, ಜಾಯಿಕಾಯಿ ತೇಯ್ದು ಕೊಡುವುದಕ್ಕೆ ಏನಂತಾರೆ, ಅದನ್ನು ಔಷಧಿ ಅಂತ ಎಣಿಸುತ್ತಾರೋ? ಮತ್ತೆ, ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿದರೆ ಅದನ್ನೂ 'ಹಾಲೂಡಿಸು' ಅನ್ನಬಹುದೇ, ಅಥವಾ ಮಗು ಮೊಲೆ ಚೀಪಿ ಕುಡಿದರೆ ಮಾತ್ರ ಆ ಮಾತು ಒಪ್ಪುತ್ತದೆಯೇ? ಉತ್ತರದ ಜೊತೆ ಊರನ್ನೂ ತಿಳಿಸಿದರೆ ಉಪಕಾರವಾಗುತ್ತದೆ.