ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಚುನಾವಣೆ ತಕರಾರಾಗಿದೆ, ಏನು ಮಾಡೋದು? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ನಮ್ಮದು ಬೆಂಗಳೂರಿನ ಹೊರವಲಯದ ಒಂದು ಮಧ್ಯಮ ಗಾತ್ರದ ಅಪಾರ್ಟ್‌ಮೆಂಟ್. ಹೋದ ಭಾನುವಾರ ಮ್ಯಾನೇಜಿಂಗ್ ಕಮಿಟಿ ಚುನಾವಣೆ ಆಯಿತು. ಹಳೇ ಕಮಿಟಿಯವರೇ ಐದು ಓಟಿನಿಂದ ಗೆದ್ದರು ಅಂತ ಘೋಷಣೆ ಆಯಿತು. ಸೋತವರು ಪ್ರಾಕ್ಸಿಗಳೆಲ್ಲ (ಬರಲಾಗದ ಮಾಲೀಕರು ತಮ್ಮ ಪರವಾಗಿ ಓಟು ಹಾಕೋಕೆ ಬೇರೆಯವರಿಗೆ ಕೊಟ್ಟ ಪತ್ರಗಳು) ಬೋಗಸ್ ಅನ್ನುತ್ತಿದ್ದಾರೆ. ಮೇಂಟೆನೆನ್ಸ್ ಕಟ್ಟಬೇಡಿ ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ್ದಾರೆ. ನಾನು ಯಾವ ಕಡೆಯವನೂ ಅಲ್ಲ. ಇಂಥದ್ದನ್ನು ಕಂಡವರು ದಯವಿಟ್ಟು ದಾರಿ ಹೇಳಿ.

ಉತ್ತರ 1 (ತಮ್ಮ ಅಪಾರ್ಟ್‌ಮೆಂಟಿನಲ್ಲಿ ಚುನಾವಣಾಧಿಕಾರಿ ಆಗಿದ್ದವರು)

ಸರ್, ಯಾರು ಸರಿ, ಯಾರು ತಪ್ಪು ಅನ್ನೋದು ಆಮೇಲೆ. ಮೊದಲು ನಿಮ್ಮ ಅಸೋಸಿಯೇಷನ್ ಯಾವ ಕಾಯ್ದೆಯ ಕೆಳಗೆ ನೋಂದಣಿ ಆಗಿದೆ ಅಂತ ತಿಳಿದುಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಕಾಣೋದು ಎರಡು. ಒಂದು, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಇನ್ನೊಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಓಟು ಹೇಗೆ ಎಣಿಸಬೇಕು, ತಕರಾರನ್ನು ಯಾರ ಹತ್ತಿರ ಒಯ್ಯಬೇಕು ಅನ್ನೋದು ಇದರ ಮೇಲೇ ನಿಂತಿದೆ.

1972ರ ಕಾಯ್ದೆಯಾದರೆ ಡೀಡ್ ಆಫ್ ಡಿಕ್ಲರೇಷನ್, ಅಂದರೆ ಅಪಾರ್ಟ್‌ಮೆಂಟನ್ನು ಆ ಕಾಯ್ದೆಗೆ ಒಳಪಡಿಸೋ ಘೋಷಣಾ ಪತ್ರ, ತೆಗೆದು ನೋಡಿ. ಅದರಲ್ಲಿ ಪ್ರತಿ ಮನೆಗೂ ಸಾಮಾನ್ಯ ಜಾಗದಲ್ಲಿ ಇಷ್ಟು ಪರ್ಸೆಂಟ್ ಪಾಲು ಅಂತ ಇರುತ್ತದೆ. ಆ ಕಾಯ್ದೆ ಬಹುಮತವನ್ನು ಹೇಳೋದು ಆ ಪರ್ಸೆಂಟಿನ ಲೆಕ್ಕದಲ್ಲಿ, ತಲೆ ಎಣಿಸಿ ಅಲ್ಲ. ದೊಡ್ಡ ಮನೆಯ ಓಟಿಗೆ ತೂಕ ಜಾಸ್ತಿ. ನಿಮ್ಮಲ್ಲಿ ಐದು ಓಟು ಅಂತ ಹೇಳಿದ್ದು ಚೀಟಿ ಎಣಿಸಿಯೋ, ಪರ್ಸೆಂಟ್ ಕೂಡಿಸಿಯೋ? ಬೈಲಾದಲ್ಲಿ (ಅಸೋಸಿಯೇಷನ್ನಿನ ನಿಯಮಾವಳಿಯಲ್ಲಿ) ಪರ್ಸೆಂಟ್ ಅಂತ ಇದ್ದು ಚೀಟಿ ಎಣಿಸಿದ್ದರೆ, ಬೋಗಸ್ ಪ್ರಾಕ್ಸಿ ಒಂದೂ ಇಲ್ಲದಿದ್ದರೂ ಫಲಿತಾಂಶವನ್ನು ಮತ್ತೆ ಲೆಕ್ಕ ಹಾಕಲೇಬೇಕು. ಇದನ್ನು ಎರಡೂ ಕಡೆಯವರು ನೋಡಿರೋದಿಲ್ಲ. ಅಷ್ಟರಲ್ಲಿ ಜಗಳ ಜಾತಿ, ಭಾಷೆ, ಪಾರ್ಕಿಂಗ್ ತನಕ ಹೋಗಿರುತ್ತದೆ.

ಇನ್ನು ಪ್ರಾಕ್ಸಿ ವಿಷಯ. ನಮ್ಮಲ್ಲೂ ಇದೇ ದೂರು ಬಂದಿತ್ತು. ಕ್ಲಬ್‌ಹೌಸಿನ ಟೇಬಲ್ ಮೇಲೆ ಪ್ರಾಕ್ಸಿ ಪತ್ರಗಳನ್ನು ಹರಡಿಕೊಂಡು, ಎರಡೂ ಬಣದಿಂದ ಒಬ್ಬೊಬ್ಬರನ್ನು ಎದುರಿಗೆ ಕೂರಿಸಿದೆವು. ಒಂದು ಕಟ್ಟಿನಲ್ಲಿದ್ದ ಪತ್ರಗಳೆಲ್ಲ ಒಂದೇ ಕೈಬರಹ, ಒಂದೇ ಪೆನ್ನು. ನೋಡಿದ ಕೂಡಲೇ ಗಲಾಟೆ ಶುರುವಾಯಿತು. ಆದರೆ ಸಹಿಗಳನ್ನು ಸೇಲ್ ಡೀಡ್ ಪ್ರತಿಯ ಜೊತೆ ಇಟ್ಟು ನೋಡಿದಾಗ ಹೆಚ್ಚಿನವು ಸರಿಯಾಗೇ ಇದ್ದವು. ವಿದೇಶದಲ್ಲಿರೋ ಮಾಲೀಕರಿಗಾಗಿ ಒಬ್ಬರೇ ಕೂತು ಫಾರ್ಮ್ ತುಂಬಿಸಿ, ಸಹಿ ಮಾತ್ರ ಅವರಿಂದ ತರಿಸಿದ್ದರು. ನಿಜವಾಗಿ ತಪ್ಪಿದ್ದದ್ದು ಬೇರೆ ಕಡೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರೋ ಮನೆಯಿಂದ ಇಬ್ಬರೂ ಓಟು ಹಾಕಿದ್ದರು. ಬಾಡಿಗೆದಾರರೊಬ್ಬರು ಮಾಲೀಕರ ಪತ್ರ ಇಲ್ಲದೇ ಹಾಕಿದ್ದರು. ಆದ್ದರಿಂದ ಗುಮಾನಿಯ ಮೇಲೆ ಹೋಗಬೇಡಿ. ಒಂದೊಂದೇ ಪತ್ರ ನೋಡಿ. ಅನುಮಾನ ಇದ್ದ ಕಡೆ ಮಾಲೀಕರಿಗೇ ವಿಡಿಯೋ ಕಾಲ್ ಮಾಡಿ, ಇಬ್ಬರು ಸಾಕ್ಷಿಗಳ ಮುಂದೆ ಕೇಳಿ. ಪ್ರಾಕ್ಸಿ ಪತ್ರ ಎಷ್ಟು ದಿನ ಮುಂಚೆ ಕೊಡಬೇಕು, ಒಬ್ಬರು ಎಷ್ಟು ಪ್ರಾಕ್ಸಿ ಹಿಡಿಯಬಹುದು ಅನ್ನೋದನ್ನು ಬೈಲಾದಲ್ಲಿ ಹುಡುಕಿ. ಅಲ್ಲಿ ಏನಿದೆಯೋ ಅದೇ ಲೆಕ್ಕ.

ಈಗಲೇ ಮಾಡಬೇಕಾದ ಕೆಲಸ ಅಂದರೆ ಬ್ಯಾಲೆಟ್ ಚೀಟಿ, ಪ್ರಾಕ್ಸಿ ಪತ್ರ, ಹಾಜರಿ ಪುಸ್ತಕ, ಮೇಂಟೆನೆನ್ಸ್ ಬಾಕಿದಾರರ ಪಟ್ಟಿ ಎಲ್ಲವನ್ನೂ ಒಂದು ಕವರಿಗೆ ಹಾಕಿ ಸೀಲ್ ಮಾಡಿಸಿ. ಮೇಲೆ ಎರಡೂ ಬಣದವರ ಸಹಿ ಇರಲಿ. ಕವರು ಗೆದ್ದವರ ಮನೆಯಲ್ಲೂ ಬೇಡ, ಸೋತವರ ಮನೆಯಲ್ಲೂ ಬೇಡ. ಆಮೇಲೆ ನಿಮ್ಮ ಆಕ್ಷೇಪಣೆಯನ್ನು ಚುನಾವಣಾಧಿಕಾರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗ್ರೂಪಿನಲ್ಲಿ ಹಾಕಿದ ಮೆಸೇಜು ಆಕ್ಷೇಪಣೆ ಅನ್ನಿಸಿಕೊಳ್ಳೋದಿಲ್ಲ.

ಉತ್ತರ 2 (ಖಜಾಂಚಿ ಆಗಿದ್ದವರು)

ಮೇಂಟೆನೆನ್ಸ್ ನಿಲ್ಲಿಸೋ ಮಾತನ್ನು ಮಾತ್ರ ಯಾರೂ ಕೇಳಬೇಡಿ. ನಾನು ಇದನ್ನು ಹತ್ತಿರದಿಂದ ನೋಡಿದ್ದೇನೆ. ಎರಡೂ ಕಡೆಯವರು ಬ್ಯಾಂಕಿಗೆ ಬೇರೆ ಬೇರೆ ಪತ್ರ ಕೊಟ್ಟರು. ನಿಮ್ಮೊಳಗೇ ತೀರ್ಮಾನ ಮಾಡಿಕೊಂಡು ಬನ್ನಿ ಅಂತ ಬ್ಯಾಂಕಿನವರು ಖಾತೆ ತಡೆಹಿಡಿದರು. ಅದು ಬೇಸಿಗೆ. ಬೋರ್‌ವೆಲ್ ಬತ್ತಿತ್ತು. ಟ್ಯಾಂಕರಿನವನಿಗೆ ದುಡ್ಡು ಕೊಡೋಕೆ ಆಗಲಿಲ್ಲ. ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರ ಸಂಬಳ ನಿಂತಿತು. ಗೇಟಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಒಬ್ಬ ಗಾರ್ಡ್ ಮಗಳ ಶಾಲೆ ಫೀಸಿಗೆ ಮನೆ ಮನೆಗೆ ಬಂದು ಸಾಲ ಕೇಳಿದ. ಆ ಜಗಳದಲ್ಲಿ ಅವನದ್ದೇನೂ ಪಾಲು ಇರಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ನಾವು ಕೊನೆಗೆ ಮಾಡಿದ್ದು ಇಷ್ಟು. ಎರಡೂ ಬಣದವರು ಸೇರಿ ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಿದರು. ತಕರಾರು ಮುಗಿಯೋವರೆಗೆ ಹಳೇ ಸಹಿದಾರರೇ ಮುಂದುವರಿಯಬೇಕು. ಆದರೆ ನೀರು, ಕರೆಂಟು, ಜನರೇಟರಿನ ಡೀಸೆಲ್, ಲಿಫ್ಟ್ ಮೇಂಟೆನೆನ್ಸ್, ಸಂಬಳ ಇಷ್ಟಕ್ಕೆ ಮಾತ್ರ ಚೆಕ್. ಹೊಸ ಕಾಂಟ್ರಾಕ್ಟ್ ಇಲ್ಲ, ಕಾರ್ಪಸ್ ಫಂಡ್ (ದೊಡ್ಡ ಖರ್ಚಿಗೆ ಅಂತ ಎತ್ತಿಟ್ಟ ಮೂಲನಿಧಿ) ಮುಟ್ಟೋ ಹಾಗಿಲ್ಲ. ಪ್ರತಿ ವಾರ ಖರ್ಚಿನ ಪಟ್ಟಿ ನೋಟಿಸ್ ಬೋರ್ಡಿಗೆ. ಇದನ್ನು ಬ್ಯಾಂಕಿಗೂ ಕೊಟ್ಟೆವು, ಖಾತೆ ಬಿಡುಗಡೆ ಆಯಿತು. ನೀವು ಯಾವ ಕಡೆಯವರೂ ಅಲ್ಲ ಅಂದಿರಲ್ಲ, ಈ ಕೆಲಸಕ್ಕೆ ಕೈ ಹಾಕೋಕೆ ನಿಮ್ಮಂಥವರೇ ಬೇಕು.

ಉತ್ತರ 3 (ವಕೀಲರು)

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಿಮ್ಮದು 1960ರ ಕಾಯ್ದೆಯ ಸಂಘವಾದರೆ, ವಾರ್ಷಿಕ ಸಭೆ ಆದ ಮೇಲೆ ಹೊಸ ಕಮಿಟಿಯ ಪಟ್ಟಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಗೆದ್ದೆವು ಅನ್ನುವವರು ಪಟ್ಟಿ ಕೊಡುವ ಮೊದಲೇ ನಿಮ್ಮ ಲಿಖಿತ ಆಕ್ಷೇಪಣೆ ಆ ಕಚೇರಿಯಲ್ಲಿ ಇರಲಿ. ಸೆಕ್ಷನ್ 25ರ ಪ್ರಕಾರ ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ಹತ್ತಿಪ್ಪತ್ತು ಜನ ಹೋಗಿ ಕೂಗಾಡಿದರೆ ಅಲ್ಲಿ ಏನೂ ಆಗೋದಿಲ್ಲ. ಸಹಿ ಸಂಗ್ರಹಿಸಿ.

1972ರ ಕಾಯ್ದೆಯಾದರೆ ಇಷ್ಟು ನೇರವಾದ ದಾರಿ ಇಲ್ಲ. ಬೈಲಾದಲ್ಲಿ ವಿಶೇಷ ಸಾಮಾನ್ಯ ಸಭೆ ಕರೆಯೋಕೆ ಎಷ್ಟು ಜನ ಬೇಕು ಅಂತ ನೋಡಿ, ಅಷ್ಟು ಜನ ಸೇರಿ ಸಭೆ ಕೇಳಿ. ಅದಕ್ಕೂ ಒಪ್ಪದಿದ್ದರೆ ಸಿವಿಲ್ ಕೋರ್ಟು. ಕೋರ್ಟಿಗೆ ಹೋಗೋ ಮುನ್ನ ಒಂದು ಮಾತು: ತಡೆಯಾಜ್ಞೆ ಸಿಕ್ಕರೂ ಮೂಲ ದಾವೆ ಮುಗಿಯೋಕೆ ವರ್ಷಗಳು ಹಿಡಿಯಬಹುದು. ಅಷ್ಟರಲ್ಲಿ ಈ ಕಮಿಟಿಯ ಅವಧಿಯೇ ಮುಗಿದಿರುತ್ತದೆ. ಹಾಗಾಗಿ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳೋದು, ಹೊರಗಿನ ಒಬ್ಬ ಚುನಾವಣಾಧಿಕಾರಿಯನ್ನು ಇಟ್ಟುಕೊಂಡು ಮತ್ತೆ ಚುನಾವಣೆ ಮಾಡಿ ಅಂತ. ಪಕ್ಕದ ಅಪಾರ್ಟ್‌ಮೆಂಟಿನ ನಿವೃತ್ತ ಅಧಿಕಾರಿ ಆದರೂ ಸಾಕು. ಓಟುದಾರರ ಪಟ್ಟಿ, ಬಾಕಿದಾರರ ಪಟ್ಟಿ ಎರಡನ್ನೂ ಈ ಸಲ ಸಭೆಯ ನೋಟಿಸಿನ ಜೊತೆಯಲ್ಲೇ ಅಂಟಿಸಿ. ಓಟಿನ ದಿನ ಬೆಳಗ್ಗೆ ಯಾರದ್ದೋ ಹೆಸರು ತೆಗೆಯೋದು, ಸೇರಿಸೋದು ಬೇಡವೇ ಬೇಡ.