‘ಜಿಪಿಎ’ ಮತ್ತು ‘ಗಾರ್ಡಿಯನ್’: ಮನೆಯ ಹಿರಿಯರ ವಿಷಯದಲ್ಲಿ ಯಾವ ಕನ್ನಡ ಪದ ಸರಿ?

ಮಾನ್ಯರೆ,

ಮರೆವಿನ ಕಾಯಿಲೆಯಿಂದ ಬಳಲುವ ಹಿರಿಯರನ್ನು ನೋಡಿಕೊಳ್ಳುತ್ತಿರುವ ಹಾಸನ ಜಿಲ್ಲೆಯ ಮನೆಯವರಿಗಾಗಿ ಒಂದು ಕಿರು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಪವರ್ ಆಫ್ ಅಟಾರ್ನಿ (ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ) ಎಲ್ಲಿಯವರೆಗೆ ಸಾಕು, ಗಾರ್ಡಿಯನ್‌ಶಿಪ್ (ತಾವೇ ನಿರ್ಧರಿಸಲಾಗದವರ ಪರವಾಗಿ ನಿರ್ಧರಿಸಲು ಒಬ್ಬರನ್ನು ನೇಮಿಸುವುದು) ಯಾವಾಗ ಬೇಕು ಎಂಬುದನ್ನು ವಿವರಿಸುವ ಭಾಗದಲ್ಲಿ ಪದಗಳ ಆಯ್ಕೆ ತೊಡಕಾಗಿದೆ. ಬಲ್ಲವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಮೊದಲನೆಯದಕ್ಕೆ ‘ಜಿಪಿಎ’ (ಜನರಲ್ ಪವರ್ ಆಫ್ ಅಟಾರ್ನಿ) ಎಂಬುದೇ ರೂಢಿಯ ಮಾತು. ಬರಹದಲ್ಲಿ ‘ಅಧಿಕಾರ ಪತ್ರ’ ಎಂದೂ, ಹಳೆಯ ದಸ್ತಾವೇಜುಗಳಲ್ಲಿ ‘ಮುಖ್ತಾರುನಾಮೆ’ ಎಂದೂ ಕಾಣುತ್ತೇವೆ. ‘ಮುಖ್ತಾರ್’ ಎಂಬ ಅರಬ್ಬಿ ಪದಕ್ಕೆ ಆರಿಸಲ್ಪಟ್ಟವನು ಎಂದರ್ಥ; ಆರಿಸಿದವರು ಒಬ್ಬರಿದ್ದಾರೆ ಎಂಬ ಸಂಗತಿ ಆ ಪದದೊಳಗೇ ಇದೆ. ‘ಅಧಿಕಾರ ಪತ್ರ’ ಎಂಬಲ್ಲಿ ಅಧಿಕಾರವಷ್ಟೇ ಎದ್ದು ಕಾಣುತ್ತದೆ, ಅದನ್ನು ಕೊಟ್ಟವರು ಮರೆಯಾಗುತ್ತಾರೆ. ಈ ಕಾರಣಕ್ಕಾಗಿ ನನ್ನ ಒಲವು ಹಳೆಯ ಪದದ ಕಡೆಗಿದೆ. ಆದರೆ ಇಂದಿನ ಓದುಗರಿಗೆ ಅದು ಅರ್ಥವಾದೀತೆ ಎಂಬ ಅಳುಕೂ ಇದೆ.

ನಾಮಪದಕ್ಕಿಂತ ಕ್ರಿಯಾಪದ ನನ್ನನ್ನು ಹೆಚ್ಚು ಕಾಡುತ್ತಿದೆ. ಕಾನೂನಿನ ದೃಷ್ಟಿಯಲ್ಲಿ ತಾಯಿ ಮಗನಿಗೆ ಜಿಪಿಎ ‘ಬರೆದುಕೊಡುತ್ತಾರೆ’. ಮನೆಮಾತಿನಲ್ಲಿ ಮಗ ‘ಅಮ್ಮನ ಹತ್ತಿರ ಜಿಪಿಎ ಬರೆಸಿಕೊಂಡೆ’ ಎನ್ನುತ್ತಾನೆ. ‘ಕೊಡು’ ಹೋಗಿ ‘ಕೊಳ್ಳು’ ಬಂದೊಡನೆ ಕರ್ತೃವೇ ಬದಲಾಗಿ, ಕೊಟ್ಟ ತಾಯಿ ಬರಿಯ ಸಹಿ ಹಾಕುವವರಾಗುತ್ತಾರೆ. ಒಮ್ಮೆ ಬರೆಸಿಕೊಂಡರೆ ಕೊನೆಯವರೆಗೂ ನಮ್ಮದೇ ಎಂಬ ನಂಬಿಕೆ ಹುಟ್ಟುವುದರಲ್ಲಿ ಈ ಮಾತಿನ ಪಾಲೂ ಇದೆಯೆಂದು ನನಗೆ ಅನಿಸುತ್ತದೆ.

ಆ ನಂಬಿಕೆ ತಪ್ಪು. 1872ರ ಭಾರತೀಯ ಕರಾರು ಅಧಿನಿಯಮದ 201ನೇ ಪ್ರಕರಣದಂತೆ (ಸೆಕ್ಷನ್), ಅಧಿಕಾರ ಕೊಟ್ಟವರಾಗಲಿ ಪಡೆದವರಾಗಲಿ ತೀರಿಕೊಂಡರೆ ಅಥವಾ ಅಸ್ವಸ್ಥಚಿತ್ತರಾದರೆ ಆ ಪ್ರಾತಿನಿಧ್ಯ ಅಲ್ಲಿಗೆ ಮುಗಿಯುತ್ತದೆ. ಪಡೆದವರಿಗೇ ಆ ಸ್ವತ್ತಿನಲ್ಲಿ ಹಿತಾಸಕ್ತಿ ಇರುವ ಸಂದರ್ಭಕ್ಕೆ 202ನೇ ಪ್ರಕರಣದಲ್ಲಿ ವಿನಾಯಿತಿ ಇದೆಯಾದರೂ, ತಾಯಿಯ ಪರವಾಗಿ ಬ್ಯಾಂಕು ಮತ್ತು ತೋಟದ ವ್ಯವಹಾರ ನೋಡಿಕೊಳ್ಳುವ ಮಗನ ಸಾಮಾನ್ಯ ಜಿಪಿಎಗೆ ಅದು ಅನ್ವಯಿಸುವುದಿಲ್ಲ. ಅಂದರೆ, ಯಾವ ದಿನಕ್ಕಾಗಿ ಮನೆಯವರು ಅದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೋ ಆ ದಿನವೇ ಅದರ ಬಲ ಹೋಗಿರುತ್ತದೆ. ಇಂಗ್ಲೆಂಡಿನ 2005ರ ಕಾಯಿದೆಯಲ್ಲಿ, ಅಮೆರಿಕದ ರಾಜ್ಯಗಳ ಕಾನೂನುಗಳಲ್ಲಿ, ಬುದ್ಧಿಶಕ್ತಿ ಕುಂದಿದ ಮೇಲೂ ಉಳಿಯುವ ಬೇರೊಂದು ಬಗೆಯ ಮುಖ್ತಾರುನಾಮೆ ಇದೆ. ಆ ದೇಶಗಳಲ್ಲಿ ನೆಲೆಸಿರುವ ಮಕ್ಕಳು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಊರಿಗೆ ಸಲಹೆ ಕೊಡುವುದುಂಟು. ನಮ್ಮಲ್ಲಿ ಅಂಥ ಏರ್ಪಾಡಿಲ್ಲ ಎಂಬುದನ್ನು ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

ಇಲ್ಲಿ ಇನ್ನೊಂದು ಪದದ ವಿಚಾರ ಬರುತ್ತದೆ. ‘ಅಸ್ವಸ್ಥಚಿತ್ತ’ ಎಂಬುದನ್ನು ಮನೆಯವರು ಹುಚ್ಚು ಎಂದು ತಿಳಿದು ನೊಂದುಕೊಳ್ಳುತ್ತಾರೆ. ‘ಅರಳುಮರಳು’ ಎಂದರೆ ಯಾರೂ ನೊಂದುಕೊಳ್ಳುವುದಿಲ್ಲ, ಆದರೆ ಅದು ಕಾನೂನಿನ ಅಳತೆಗೆ ಒದಗುವುದಿಲ್ಲ. ಅದೇ ಅಧಿನಿಯಮದ 12ನೇ ಪ್ರಕರಣ ಕೇಳುವುದು ಇಷ್ಟೇ: ಕರಾರು ಮಾಡುವ ಹೊತ್ತಿನಲ್ಲಿ ಅದನ್ನು ಅರ್ಥಮಾಡಿಕೊಂಡು, ತನ್ನ ಹಿತದ ಮೇಲೆ ಅದರ ಪರಿಣಾಮವೇನೆಂದು ವಿವೇಚಿಸಬಲ್ಲರೆ? ಸಾಮಾನ್ಯವಾಗಿ ಚಿತ್ತಸ್ವಾಸ್ಥ್ಯ ಇಲ್ಲದವರೂ ಸ್ವಸ್ಥರಾಗಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು ಅದು ಹೇಳುತ್ತದೆ. ಮೊಮ್ಮಗಳ ಹೆಸರು ಮರೆತ ಅಜ್ಜಿಗೆ ತೋಟದ ಲೆಕ್ಕ ಚೆನ್ನಾಗಿ ತಿಳಿಯುತ್ತಿರಬಹುದು. ಹಾಗಾಗಿ ‘ತಿಳಿದು ನಿರ್ಧರಿಸುವ ಶಕ್ತಿ’ ಎಂದು ಬಿಡಿಸಿ ಬರೆಯುವುದು ಮೇಲೆಂದು ತೋರುತ್ತದೆ. ಇದಕ್ಕಿಂತ ಚಿಕ್ಕದಾದ, ನೋಯಿಸದ ಪದ ಯಾರಿಗಾದರೂ ಹೊಳೆದರೆ ಉಪಕಾರವಾಗುತ್ತದೆ.

ಇನ್ನು ಗಾರ್ಡಿಯನ್. ‘ಪೋಷಕ’ ಎಂದರೆ ಶಾಲೆಯ ಅಂಕಪಟ್ಟಿಗೆ ಸಹಿ ಹಾಕುವ ತಂದೆತಾಯಿಯೇ ಕಣ್ಣಮುಂದೆ ಬರುತ್ತಾರೆ. ಎಂಬತ್ತರ ತಾಯಿಗೆ ಮಗಳನ್ನು ಪೋಷಕಿ ಎನ್ನಲು ನಾಲಿಗೆ ಏಳುವುದಿಲ್ಲ. ಈ ಹೊಂದಿಕೆಯಿಲ್ಲದಿರುವಿಕೆಗೆ ಕಾನೂನಿನಲ್ಲೂ ಕಾರಣವಿದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಅಧಿನಿಯಮ ಮತ್ತು 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಅಧಿನಿಯಮ ಹೇಳುವುದು ಅಪ್ರಾಪ್ತ ವಯಸ್ಕರ ಪೋಷಕರ ಬಗ್ಗೆ ಮಾತ್ರ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಅಧಿನಿಯಮದ ಅಡಿಯಲ್ಲಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ವಯಸ್ಕರಿಗೂ ಗಾರ್ಡಿಯನ್ ನೇಮಿಸಬಲ್ಲದಾದರೂ, ಅದರ ವ್ಯಾಪ್ತಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯಗಳಿಗೆ ಸೀಮಿತ. 1987ರ ಮಾನಸಿಕ ಆರೋಗ್ಯ ಅಧಿನಿಯಮ ವ್ಯಕ್ತಿಗೆ ಗಾರ್ಡಿಯನ್, ಆಸ್ತಿಗೆ ಮ್ಯಾನೇಜರ್ ಎಂದು ಎರಡು ಹೊಣೆಗಳನ್ನು ಬೇರೆ ಮಾಡಿತ್ತು. ಅದರ ಜಾಗಕ್ಕೆ ಬಂದ 2017ರ ಅಧಿನಿಯಮದಲ್ಲಿ ಚಿಕಿತ್ಸೆಯ ವಿಷಯಕ್ಕೆ ‘ನಾಮನಿರ್ದೇಶಿತ ಪ್ರತಿನಿಧಿ’ ಇದ್ದಾರೆ. ಆಸ್ತಿಯನ್ನು ನೋಡಿಕೊಳ್ಳುವ ಭಾಗ ಇಲ್ಲ. ಹೀಗಾಗಿಯೇ ಕೋಮಾದಲ್ಲಿರುವವರ ಮನೆಯವರು ಸಂವಿಧಾನದ 226ನೇ ಅನುಚ್ಛೇದದಡಿ ಹೈಕೋರ್ಟುಗಳಿಗೆ ಹೋಗಬೇಕಾಗಿ ಬಂದಿದೆ. ಕೇರಳ ಹೈಕೋರ್ಟು 2019ರಲ್ಲಿ ಅಂಥ ಸಂದರ್ಭಗಳಿಗೆ ಮಾರ್ಗಸೂಚಿಯನ್ನೂ ಕೊಟ್ಟಿತು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 14ನೇ ಪ್ರಕರಣದಲ್ಲಿರುವ ‘ಲಿಮಿಟೆಡ್ ಗಾರ್ಡಿಯನ್’ ನನಗೆ ಹೆಚ್ಚು ಮಾನವೀಯವಾಗಿ ತೋರುತ್ತದೆ. ಅಗತ್ಯ ನೆರವು ಕೊಟ್ಟ ಮೇಲೂ ನಿರ್ಧಾರ ಸಾಧ್ಯವಾಗದಿದ್ದಾಗ ಮಾತ್ರ, ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ವಿಷಯಕ್ಕೆ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ, ಅವರೊಡನೆ ಸಮಾಲೋಚಿಸಿ ನಡೆಯಬೇಕಾದ ಹೊಣೆ ಅದು. ಇದಕ್ಕೆ ‘ಸೀಮಿತ ಪೋಷಕ’ ಎಂದು ಬರೆದರೆ, ಪೋಷಣೆಯೇ ಸೀಮಿತವೇನೋ ಎಂಬ ಅರ್ಥ ಹೊರಡುತ್ತದೆ.

‘ಹೊಣೆಗಾರ’ ಎಂಬ ಪದವನ್ನೂ ಯೋಚಿಸಿದೆ. ಸಾಲಕ್ಕೂ ನಷ್ಟಕ್ಕೂ ಬಾಧ್ಯರಾದವರು ಎಂಬ ಅರ್ಥ ಅಲ್ಲಿ ಗಟ್ಟಿಯಾಗಿ ಕೂತಿದೆ. ‘ಯಜಮಾನಿಕೆ’ ಮಲೆನಾಡಿನವರಿಗೆ ಚಿರಪರಿಚಿತ, ಆದರೆ ಅದರಲ್ಲಿ ಒಡೆತನದ ವಾಸನೆಯಿದೆ. ಸದ್ಯಕ್ಕೆ ಒಂದೆಡೆ ‘ತಾಯಿ ಬರೆದುಕೊಟ್ಟ ಮುಖ್ತಾರುನಾಮೆ’, ಇನ್ನೊಂದೆಡೆ ‘ನ್ಯಾಯಾಲಯ ನೇಮಿಸಿದ ಪಾಲಕ’ ಎಂದು, ಕೊಟ್ಟವರು ಮತ್ತು ನೇಮಿಸಿದವರು ಯಾರೆಂಬುದನ್ನು ಪ್ರತಿ ಸಲವೂ ಸೇರಿಸಿಯೇ ಬರೆಯುತ್ತಿದ್ದೇನೆ.

ನನ್ನ ಪ್ರಶ್ನೆಗಳು ಇವು. ಧಾರವಾಡ, ಕಲಬುರಗಿ ಕಡೆಗಳಲ್ಲಿ ‘ಮುಖ್ತಾರ’ ಎಂಬುದು ಇಂದಿಗೂ ಆಡುಮಾತಿನಲ್ಲಿ ಇದೆಯೆ? ‘ಪಾಲಕರು’ ಎಂದರೆ ತಂದೆತಾಯಿ ಎಂದೇ ತಿಳಿಯುವ ಊರುಗಳಲ್ಲಿ ವಯಸ್ಕರ ಗಾರ್ಡಿಯನ್‌ಗೆ ಬೇರೆ ಪದವನ್ನು ಕೇಳಿದ್ದೀರಾ? ನ್ಯಾಯಾಲಯದ ಕನ್ನಡ ಆದೇಶಗಳನ್ನು ಓದುವ ರೂಢಿಯುಳ್ಳವರು, ಆ ‘ಲಿಮಿಟೆಡ್’ಗೆ ಅಲ್ಲಿ ಯಾವ ಪದ ಬಳಸಿದ್ದಾರೆ ಎಂಬುದನ್ನು ಪೂರ್ತಿ ವಾಕ್ಯದೊಡನೆ ತಿಳಿಸಿದರೆ ಕೈಪಿಡಿಗೆ ನೇರವಾಗಿ ಸಹಾಯವಾಗುತ್ತದೆ.